ಮುಚ್ಚಿದ ಕಣ್ಣು, ಪುಡಿಯ ಡಬ್ಬಿ

ಹಗಲು ಹೊತ್ತಿನಲ್ಲಿ ಕಣ್ಣು ಮುಚ್ಚಿ ಕುಳಿತ ಗೋಸುಂಬೆಯನ್ನು ನೋಡಿ, ಪಾಪ ಸುಸ್ತಾಗಿರಬೇಕು, ಮಲಗಿದೆ ಎಂದುಕೊಳ್ಳುವವರಿದ್ದಾರೆ. ನಾಯಿಯೋ ಬೆಕ್ಕೋ ಆಗಿದ್ದರೆ ಆ ಊಹೆ ಸರಿಯಿರುತ್ತಿತ್ತು. ಗೋಸುಂಬೆ ಮಾತ್ರ ಕತ್ತಲಾದ ಮೇಲಷ್ಟೇ ನಿದ್ದೆ ಮಾಡುವ ಪ್ರಾಣಿ. ಬೆಳಕಿರುವಷ್ಟು ಹೊತ್ತು ಅದರ ಎರಡು ಕಣ್ಣುಗಳೂ ಒಂದರ ಗೊಡವೆ ಒಂದಕ್ಕಿಲ್ಲದಂತೆ ಸುತ್ತಮುತ್ತ ತಿರುಗುತ್ತಲೇ ಇರಬೇಕು. ಹಾಗೆ ತಿರುಗದೆ, ಒಂದು ಕಣ್ಣಾಗಲಿ ಎರಡೂ ಆಗಲಿ ಮುಚ್ಚಿಕೊಂಡೇ ಇದ್ದರೆ ಎಲ್ಲೋ ಏನೋ ಕೆಟ್ಟಿದೆ ಎಂದೇ ಅರ್ಥ. ಇಷ್ಟರವರೆಗೆ ಸಾಕುವವರಲ್ಲಿ ಭಿನ್ನಾಭಿಪ್ರಾಯವಿಲ್ಲ. ಕೆಟ್ಟಿರುವುದೇನು ಎಂದು ಕೇಳಿದರೆ ಬಹುಮಂದಿಯ ಬಾಯಲ್ಲಿ ಬರುವ ಉತ್ತರವೂ ಒಂದೇ: ವಿಟಮಿನ್ ಎ ಕೊರತೆ. ಉತ್ತರದ ಬೆನ್ನಿಗೇ ಕೈ, ಉಣಿಸುವ ಹುಳುಗಳಿಗೆ ಮೆತ್ತುವ ಪೂರಕ ವಿಟಮಿನ್ ಪುಡಿಯ ಡಬ್ಬಿಯ ಕಡೆಗೆ ಹೋಗುತ್ತದೆ. ನನ್ನ ತಕರಾರಿರುವುದು ಈ ಆತುರದ ಬಗ್ಗೆ. ವಿಟಮಿನ್ ಎ ಕೊರತೆ ನಿಜವಾದ ಕಾಯಿಲೆ, ಅದರಲ್ಲಿ ಅನುಮಾನವಿಲ್ಲ. ಆದರೆ ಕಣ್ಣು ಮುಚ್ಚಿಸುವ ಹಲವಾರು ತೊಂದರೆಗಳಲ್ಲಿ ಅದೊಂದು ಮಾತ್ರ, ಮತ್ತು ಅದರ ಮದ್ದು ಅಳತೆ ಮೀರಿದರೆ ತಾನೇ ಇನ್ನೊಂದು ಕಾಯಿಲೆಯಾಗಿ ನಿಲ್ಲುವಂಥದ್ದು.

ಗೋಸುಂಬೆಗೆ ಕಣ್ಣೆಂದರೆ ಎಷ್ಟು ಮುಖ್ಯ ಎಂಬುದನ್ನು ಮೊದಲು ಹೇಳಬೇಕು. ನಮಗಿರುವಂತೆ ಮೇಲೊಂದು ಕೆಳಗೊಂದು ಬಿಡಿ ರೆಪ್ಪೆಗಳು ಅದಕ್ಕಿಲ್ಲ. ಎರಡೂ ಕೂಡಿಕೊಂಡು, ಸಣ್ಣ ಸಣ್ಣ ಹರಳುಗಳಂಥ ಹುರುಪೆಗಳಿರುವ ಚರ್ಮದ ಶಂಕುವಾಗಿ ಇಡೀ ಕಣ್ಣುಗುಡ್ಡೆಯನ್ನು ಹೊದ್ದಿರುತ್ತವೆ. ತುದಿಯಲ್ಲಿ ಪಾಪೆಯಷ್ಟೇ ಅಗಲದ ಒಂದು ಕಿಂಡಿ. ಗುಡ್ಡೆ ಎತ್ತ ತಿರುಗಿದರೆ ಶಂಕುವೂ ಅತ್ತ ತಿರುಗುತ್ತದೆ, ಅಡ್ಡಲಾಗಿ ಸುಮಾರು 180 ಡಿಗ್ರಿ, ಮೇಲೆ ಕೆಳಗೆ ಸುಮಾರು 90 ಡಿಗ್ರಿ. ಕಣ್ಣಿನ ಒಳಗಿನ ಏರ್ಪಾಡು ಇನ್ನೂ ವಿಚಿತ್ರವಾದದ್ದು. ಬೇಟೆ ಎಷ್ಟು ದೂರದಲ್ಲಿದೆ ಎಂಬುದನ್ನು ಗೋಸುಂಬೆ ಎರಡು ಕಣ್ಣಿನ ನೋಟ ಕೂಡಿಸಿ ಲೆಕ್ಕ ಹಾಕುವುದಿಲ್ಲ, ಒಂದೇ ಕಣ್ಣು ನೋಟವನ್ನು ನಿಖರಗೊಳಿಸಲು ಪಡುವ ಶ್ರಮದಿಂದಲೇ ಅಳೆಯುತ್ತದೆ ಎಂದು ಹಾರ್ಕ್‌ನೆಸ್ ಎಂಬ ಸಂಶೋಧಕಿ 1977ರಲ್ಲಿ ತೋರಿಸಿದರು. ಅದರ ಮಸೂರ ಬೆಳಕನ್ನು ಒಟ್ಟುಗೂಡಿಸುವ ಬದಲು ಚದುರಿಸುವ ಬಗೆಯದು, ಹಾಗಾಗಿ ಅಕ್ಷಿಪಟಲದ ಮೇಲೆ ಬೀಳುವ ಬಿಂಬ ಟೆಲಿಫೋಟೊ ಲೆನ್ಸಿನಲ್ಲಿ ಕಂಡಂತೆ ದೊಡ್ಡದಾಗುತ್ತದೆ ಎಂದು ಓಟ್ ಮತ್ತು ಶೇಫೆಲ್ 1995ರಲ್ಲಿ ಕಂಡುಕೊಂಡರು. ಮೈಯುದ್ದಕ್ಕಿಂತ ಉದ್ದವಾಗಿ ಚಾಚುವ ನಾಲಿಗೆ ಹುಳುವಿನ ಮೇಲೆ ನೆಟ್ಟಗೆ ಹೋಗಿ ಬೀಳುವುದು ಈ ಅಳತೆಯ ಬಲದಿಂದ. ಆದ್ದರಿಂದ ಕಣ್ಣು ಮುಚ್ಚಿದ ಗೋಸುಂಬೆ ಕಾಣದ ಗೋಸುಂಬೆಯಷ್ಟೇ ಅಲ್ಲ, ಉಣ್ಣದ ಗೋಸುಂಬೆಯೂ ಹೌದು. ಮೂಸಿ ನೋಡಿಯೋ ತಡವಿಯೋ ಆಹಾರ ಹುಡುಕುವ ದಾರಿ ಅದಕ್ಕಿಲ್ಲ. ಸಾಕುವವರ ಗಾಬರಿಗೆ ಇದೇ ಕಾರಣ, ಮತ್ತು ಗಾಬರಿಯಾದವರು ಬೇಗ ಮುಗಿಯುವ ಉಪಾಯವನ್ನೇ ಹುಡುಕುತ್ತಾರೆ.

ಇದೇ ರಚನೆಯಿಂದ ಇನ್ನೊಂದು ಪರಿಣಾಮವೂ ಇದೆ. ಶಂಕುವಿಗೂ ಗುಡ್ಡೆಗೂ ನಡುವೆ ಒಂದು ಚೀಲದಂಥ ಜಾಗವಿದ್ದು, ಕಿಂಡಿಯಿಂದ ಒಳಹೋದದ್ದು ಅಷ್ಟು ಸುಲಭವಾಗಿ ಹೊರಬರುವುದಿಲ್ಲ. ಅದನ್ನು ಹೊರಹಾಕಲು ಗೋಸುಂಬೆ ಮಾಡುವ ಕಸರತ್ತನ್ನು ಹತ್ತಿರದಿಂದ ನೋಡಬೇಕು. ನನ್ನಲ್ಲಿರುವುದು ಯೆಮನ್ ಮತ್ತು ಸೌದಿ ಅರೇಬಿಯಾ ಮೂಲದ ವೇಲ್ಡ್ ಜಾತಿಯದು. ಬೆಳಿಗ್ಗೆ ಪಂಜರದೊಳಗೆ ಸಣ್ಣ ತುಂತುರು ಬಿಟ್ಟಾಗ ಮೊದಲು ಎರಡೂ ಕಿಂಡಿಗಳನ್ನು ಬಿಗಿಯಾಗಿ ಮುಚ್ಚುತ್ತದೆ. ಸ್ವಲ್ಪ ಹೊತ್ತಿಗೆ ಒಂದು ಕಣ್ಣು ಒಳಗಿನಿಂದ ಯಾರೋ ದೂಡಿದಂತೆ ಊದಿಕೊಳ್ಳುತ್ತದೆ. ಚರ್ಮದ ಸುಕ್ಕುಗಳೆಲ್ಲ ಮಾಯವಾಗಿ ಹುರುಪೆಗಳ ನಡುವಿನ ತೆಳುಚರ್ಮ ಕಾಣುವಷ್ಟು ಬಿಗಿಯಾಗುತ್ತದೆ. ಗುಡ್ಡೆ ಒಳಗೆ ಉರುಳುತ್ತಿರುವುದು ಹೊರಗಿನಿಂದಲೇ ಗೊತ್ತಾಗುತ್ತದೆ. ಆಮೇಲೆ ತಲೆಯನ್ನು ಓರೆ ಮಾಡಿ ಕಣ್ಣನ್ನು ಕೊಂಬೆಗೆ ಒತ್ತಿ ಎರಡು ಬಾರಿ ಉಜ್ಜುತ್ತದೆ. ಕಿಂಡಿಯ ಅಂಚಿನಲ್ಲಿ ದಾರದ ಎಳೆಯಂಥ ಬಿಳಿಯ ಲೋಳೆ ಕಾಣಿಸಿಕೊಂಡು, ಮುಂದಿನ ನೀರಹನಿಯ ಜೊತೆ ಜಾರಿ ಹೋಗುತ್ತದೆ. ಕಣ್ಣು ತೆರೆಯುತ್ತದೆ, ಊತ ಇಳಿದಿರುತ್ತದೆ. ಇದನ್ನು ಮೊದಲ ಸಲ ನೋಡಿದವರು ಕಣ್ಣು ಬಾತುಕೊಂಡಿತು ಎಂದು ಹೆದರುವುದು ಸಹಜ. ಕೆಲವು ನಿಮಿಷಗಳಲ್ಲಿ ಮುಗಿದರೆ ಅದು ಶುದ್ಧೀಕರಣ. ದಿನವಿಡೀ ಮತ್ತೆ ಮತ್ತೆ ಉಜ್ಜುತ್ತಿದ್ದರೆ, ಊತ ಇಳಿಯದಿದ್ದರೆ, ಕಿಂಡಿಯಲ್ಲಿ ಪಿಸುರು ಒಣಗಿ ಅಂಟಿಕೊಂಡಿದ್ದರೆ, ಅದು ಕಾಯಿಲೆ.

ವಿಟಮಿನ್ ಎ ಪಾತ್ರ ಬರುವುದು ಈ ಲೋಳೆಯಲ್ಲಿ. ಕಣ್ಣಿನ ಒಳಪೊರೆ, ಕಣ್ಣೀರ ಗ್ರಂಥಿಗಳು, ಉಸಿರಿನ ದಾರಿ, ಮೂತ್ರಪಿಂಡದ ನಾಳಗಳು ಇವೆಲ್ಲಕ್ಕೂ ಒಳಗಡೆ ಮೆದುವಾದ, ತೇವ ಒಸರುವ ಜೀವಕೋಶಗಳ ಹೊದಿಕೆಯಿದೆ. ಆ ಜೀವಕೋಶಗಳು ತಮ್ಮ ಬಗೆಯನ್ನು ಉಳಿಸಿಕೊಳ್ಳಬೇಕಾದರೆ ರೆಟಿನಾಲ್, ಅಂದರೆ ಸಿದ್ಧ ರೂಪದ ವಿಟಮಿನ್ ಎ, ಬೇಕು. ಅದು ಸಿಗದೆ ಹೋದಾಗ ಹಳೆಯ ಕೋಶಗಳು ಉದುರಿದ ಜಾಗದಲ್ಲಿ ಚಪ್ಪಟೆಯಾದ, ಗಟ್ಟಿಯಾದ, ಉಗುರಿನಲ್ಲಿರುವ ಕೆರಟಿನ್ ತುಂಬಿದ ಕೋಶಗಳು ಬೆಳೆಯುತ್ತವೆ. ವೋಲ್ಬಾಕ್ ಮತ್ತು ಹೋವ್ ಎಂಬ ಇಬ್ಬರು 1925ರಲ್ಲಿ ಇಲಿಗಳಲ್ಲಿ ಈ ಬದಲಾವಣೆಯನ್ನು ಅಂಗಾಂಗಗಳ ಸಮೇತ ವಿವರಿಸಿದ್ದರು. ಗೋಸುಂಬೆಯಲ್ಲಿ ನಡೆಯುವುದೂ ಮೂಲತಃ ಅದೇ. ಲೋಳೆ ಬರಬೇಕಾದಲ್ಲಿ ಒಣ ಹೊಟ್ಟು ಬರುತ್ತದೆ. ಅದು ಚೀಲದಲ್ಲಿ ಶೇಖರವಾಗಿ, ಉಂಡೆಗಟ್ಟಿ, ಗುಡ್ಡೆಯನ್ನು ಒತ್ತುತ್ತದೆ. ಕಣ್ಣೀರು ಹರಿದು ಬಾಯಿಯ ಕಡೆಗೆ ಇಳಿಯುವ ಸಣ್ಣ ನಾಳ ಕಟ್ಟಿಕೊಳ್ಳುತ್ತದೆ. ಆಮೇಲೆ ಬ್ಯಾಕ್ಟೀರಿಯಾಗಳಿಗೆ ಆಹ್ವಾನ ಬೇಕಿಲ್ಲ. ಸರೀಸೃಪಗಳ ಕೀವು ನಮ್ಮದರಂತೆ ನೀರಾಗಿರುವುದಿಲ್ಲ, ಗಿಣ್ಣಿನ ಚೂರಿನಂತೆ ಗಟ್ಟಿಯಾಗಿ ಕೂತುಬಿಡುತ್ತದೆ, ತಾನಾಗಿ ಒಡೆದು ಹರಿಯುವುದಿಲ್ಲ. ಹಾಗಾಗಿ ಒಮ್ಮೆ ಉಂಡೆ ಕಟ್ಟಿದ ಮೇಲೆ ಎಷ್ಟೇ ವಿಟಮಿನ್ ಕೊಟ್ಟರೂ ಆ ಉಂಡೆ ಕರಗುವುದಿಲ್ಲ. ಅದನ್ನು ವೈದ್ಯರೇ ತೆಗೆಯಬೇಕು. ಪುಡಿ ಹಾಕಿ ಕಾಯುತ್ತ ಕೂರುವವರಿಗೆ ಈ ಒಂದು ಸಂಗತಿ ಗೊತ್ತಿದ್ದರೆ ಸಾಕು ಎನ್ನಿಸುತ್ತದೆ.

ಕೊರತೆ ಕಣ್ಣಿಗಷ್ಟೇ ಸೀಮಿತವಾಗಿರುವುದಿಲ್ಲ ಎಂಬುದೂ ಮುಖ್ಯ. ಪೊರೆ ಸರಿಯಾಗಿ ಕಳಚದೆ ಚೂರುಚೂರಾಗಿ ಅಂಟಿಕೊಂಡಿರುವುದು, ಬಾಯಿಯ ಮೂಲೆಯ ಗ್ರಂಥಿ ಊದುವುದು, ಪದೇಪದೇ ಉಸಿರಾಟದ ಸೋಂಕು, ಗಂಡಿನಲ್ಲಿ ಬಾಲದ ಬುಡದ ಜನನಾಂಗದ ಚೀಲದಲ್ಲಿ ಗಟ್ಟಿ ಮೇಣದಂಥ ಬೆಣೆ ಸೇರುವುದು, ಇವು ಜೊತೆಗಿದ್ದರೆ ಅನುಮಾನ ಬಲವಾಗುತ್ತದೆ. ಎರಡೂ ಕಣ್ಣು, ತಿಂಗಳುಗಟ್ಟಲೆ ಒಂದೇ ಬಗೆಯ ಹುಳು, ಪೂರಕದಲ್ಲಿ ರೆಟಿನಾಲ್ ಇಲ್ಲವೇ ಇಲ್ಲ, ಇಂಥ ಹಿನ್ನೆಲೆ ಇದ್ದರೆ ಇನ್ನೂ ಬಲವಾಗುತ್ತದೆ. ನಿನ್ನೆಯವರೆಗೆ ಚೆನ್ನಾಗಿದ್ದು ಇಂದು ಬೆಳಿಗ್ಗೆ ಒಂದೇ ಕಣ್ಣು ಮುಚ್ಚಿಕೊಂಡರೆ ಮಾತ್ರ ವಿಟಮಿನ್ ಎ ಬಗ್ಗೆ ಯೋಚಿಸುವುದು ಕೊನೆಗೆ. ಕೊರತೆ ಹಾಗೆ ರಾತ್ರೋರಾತ್ರಿ ಬರುವುದಿಲ್ಲ. ಯಕೃತ್ತಿನಲ್ಲಿ ಕೂಡಿಟ್ಟದ್ದು ಖಾಲಿಯಾಗಲು ಕಾಲ ಬೇಕು.

ಕಣ್ಣೂದಿದರೆ ವಿಟಮಿನ್ ಎ ಎಂಬ ಈ ನಂಬಿಕೆಗೆ ಒಂದು ಇತಿಹಾಸವೂ ಇದೆ. ಸಾಕಿದ ಎಳೆಯ ಆಮೆಗಳ ಕಣ್ಣೂತಕ್ಕೆ ವಿಟಮಿನ್ ಎ ಕೊರತೆಯೇ ಕಾರಣ ಎಂದು ಎಲ್ಕನ್ ಮತ್ತು ಜ್ವಾರ್ಟ್ 1967ರಲ್ಲಿ ವಿವರವಾಗಿ ಬರೆದರು, ಮತ್ತು ಆಮೆಗಳ ಮಟ್ಟಿಗೆ ಅದು ಇಂದಿಗೂ ನಿಜ. ಆಮೆಯ ಪಾಠ ಮೆಲ್ಲಗೆ ಹಲ್ಲಿಗೂ ಗೋಸುಂಬೆಗೂ ಹಬ್ಬಿತು. ಸರೀಸೃಪ ಎಂಬ ಒಂದೇ ತಲೆಬರಹದ ಕೆಳಗೆ ಇವೆಲ್ಲವನ್ನೂ ಸೇರಿಸುವ ಅಭ್ಯಾಸ ನಮ್ಮದು, ಪ್ರಾಣಿಗಳದ್ದಲ್ಲ.

ಹಾಗಾದರೆ ಬೇರೆ ಕಾರಣಗಳೇನು? ಕಸ ಎಲ್ಲಕ್ಕಿಂತ ಸಾಮಾನ್ಯವಾದದ್ದು: ಕ್ರಿಕೆಟ್ ಹುಳುವಿನ ಮುರಿದ ಕಾಲು, ಕಳಚದೆ ಉಳಿದ ಪೊರೆಯ ಚೂರು, ಗಿಡದ ಕುಂಡದ ಮಣ್ಣು, ಹಾಲು ಸುರಿಯುವ ಗಿಡದ ಸೊನೆ. ಹುಳುಗಳ ಮೇಲೆ ದಪ್ಪನಾಗಿ ಮೆತ್ತಿದ ಪೂರಕದ ಪುಡಿಯೇ ಕಣ್ಣಿಗೆ ಸಿಡಿದು ಉರಿಯೆಬ್ಬಿಸುವುದೂ ಉಂಟು, ಅದಕ್ಕೆ ಮತ್ತಷ್ಟು ಪುಡಿಯ ಚಿಕಿತ್ಸೆಯೂ ಉಂಟು. ನೀರು ಸಾಲದಿದ್ದಾಗ ಕಣ್ಣು ಊದುವುದರ ಬದಲು ಒಳಕ್ಕೆ ಕುಸಿಯುತ್ತದೆ. ಹಿಕ್ಕೆಯ ಜೊತೆ ಬರುವ ಯುರೇಟ್ ಬಿಳಿಯಾಗಿರದೆ ಕಿತ್ತಳೆ ಬಣ್ಣಕ್ಕೆ ತಿರುಗಿದ್ದರೆ ಇದು ಖಚಿತವಾಗುತ್ತದೆ. ಬಾಯಿಯ ಹುಣ್ಣು, ಶ್ವಾಸದ ಸೋಂಕು ನಾಳದ ಮೂಲಕ ಕಣ್ಣಿನ ಬುಡಕ್ಕೆ ಏರಬಲ್ಲದು. ಇನ್ನು ಕೈ ಹತ್ತಿರ ತಂದಾಗಲೆಲ್ಲ ಆ ಬದಿಯ ಕಣ್ಣನ್ನು ಮುಚ್ಚಿಕೊಳ್ಳುವುದು ಕೇವಲ ಭಯ. ದೂರದಿಂದ, ಅದಕ್ಕೆ ತಿಳಿಯದಂತೆ ನೋಡಿದರೆ ಕಣ್ಣು ತೆರೆದೇ ಇರುತ್ತದೆ.

ಪಂಜರದ ದೀಪದ ವಿಚಾರಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕೊಡಬೇಕು, ಏಕೆಂದರೆ ಬಹುಮಂದಿ ಇದನ್ನು ಎಣಿಕೆಗೇ ತೆಗೆದುಕೊಳ್ಳುವುದಿಲ್ಲ. ಗೋಸುಂಬೆಗೆ ಬೇಕಾದದ್ದು 290ರಿಂದ 315 ನ್ಯಾನೋಮೀಟರ್ ಅಲೆಯುದ್ದದ ಆಸುಪಾಸಿನ, ಯುವಿಬಿ ಎಂಬ ನೇರಳಾತೀತ ಕಿರಣ. ಚರ್ಮದಲ್ಲಿ ವಿಟಮಿನ್ ಡಿ3 ತಯಾರಾಗುವುದು ಅದರಿಂದ. ನೆಲಕ್ಕೆ ತಲುಪುವ ಬಿಸಿಲಿನಲ್ಲಿ 290ಕ್ಕಿಂತ ಗಿಡ್ಡ ಅಲೆಗಳು ಇಲ್ಲವೆನ್ನುವಷ್ಟು ಕಡಿಮೆ. 2000ರ ದಶಕದ ಕೊನೆಯಲ್ಲಿ ಮಾರುಕಟ್ಟೆಗೆ ಬಂದಿದ್ದ ಕೆಲವು ದೀಪಗಳು ಆ ಗಿಡ್ಡ ಅಲೆಗಳನ್ನೂ ಚೆಲ್ಲುತ್ತಿದ್ದವು, ಮತ್ತು ಅವುಗಳ ಕೆಳಗಿದ್ದ ಪ್ರಾಣಿಗಳು ಒಂದೆರಡು ದಿನಗಳಲ್ಲೇ ಕಣ್ಣು ಮುಚ್ಚಿ ಊಟ ಬಿಟ್ಟ ವರದಿಗಳು ಬಂದವು. ವೆಲ್ಡಿಂಗ್ ಕೆಲಸದವರ ಕಣ್ಣಿಗೆ ಆಗುವ ಸುಟ್ಟಗಾಯವೂ ಇದೇ ಜಾತಿಯದು. ಇಂಥಲ್ಲಿ ದೀಪ ತೆಗೆಯುವುದೇ ಮದ್ದು, ಬೇಗ ತೆಗೆದರೆ ಕಣ್ಣು ಸಾಮಾನ್ಯವಾಗಿ ತಾನಾಗಿ ಚೇತರಿಸಿಕೊಳ್ಳುತ್ತದೆ. ಒಳ್ಳೆಯ ದೀಪವನ್ನೂ ಕೊಂಬೆಗೆ ತೀರಾ ಹತ್ತಿರ ಕಟ್ಟಿದರೆ ಇದೇ ಫಲ. ಹೊಸ ದೀಪ ಹಾಕಿದ ವಾರದಲ್ಲೇ ಕಣ್ಣಿನ ತೊಂದರೆ ಶುರುವಾದರೆ ಮೊದಲು ನೋಡಬೇಕಾದದ್ದು ಮೇಲಕ್ಕೆ, ಡಬ್ಬಿಯ ಕಡೆಗಲ್ಲ.

ಡಿ3 ಮತ್ತು ಎ ಎರಡೂ ಕೊಬ್ಬಿನಲ್ಲಿ ಕರಗುವ ವಿಟಮಿನ್‌ಗಳು, ಹೆಚ್ಚಾದದ್ದು ಮೂತ್ರದಲ್ಲಿ ಹೋಗದೆ ಮೈಯಲ್ಲಿ ಉಳಿಯುತ್ತದೆ. ಆದರೂ ಇವೆರಡರ ನಡುವೆ ನನಗೆ ತುಂಬ ಅರ್ಥಪೂರ್ಣ ಎನ್ನಿಸುವ ಒಂದು ವ್ಯತ್ಯಾಸವಿದೆ. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕಾರ್ಸ್ಟನ್, ಫರ್ಗೂಸನ್, ಚೆನ್ ಮತ್ತು ಹೋಲಿಕ್ ಅವರು ಮಡಗಾಸ್ಕರ್‌ನ ಪ್ಯಾಂಥರ್ ಗೋಸುಂಬೆಗಳು ಆಹಾರದಲ್ಲಿ ಡಿ3 ಕಡಿಮೆಯಿದ್ದಾಗ ಯುವಿ ಬೆಳಕಿಗೆ ಹೆಚ್ಚು ಮೈಯೊಡ್ಡುತ್ತವೆ, ಸಾಕಷ್ಟಿದ್ದಾಗ ಕಡಿಮೆ ಎಂದು ತೋರಿಸಿದರು. ಅಂದರೆ ಬಿಸಿಲು ನೆರಳು ಎರಡೂ ಇರುವ ಪಂಜರದಲ್ಲಿ ಡಿ3 ಲೆಕ್ಕವನ್ನು ಪ್ರಾಣಿಯೇ ನೋಡಿಕೊಳ್ಳುತ್ತದೆ. ಚರ್ಮವೂ ಅಗತ್ಯಕ್ಕಿಂತ ಹೆಚ್ಚು ತಯಾರಾಗದಂತೆ ತಾನೇ ತಡೆಯುತ್ತದೆ. ವಿಟಮಿನ್ ಎ ವಿಷಯದಲ್ಲಿ ಇಂಥ ಆಯ್ಕೆ ಇಲ್ಲ. ಅದು ಬಾಯಿಯಿಂದ ಮಾತ್ರ ಬರುತ್ತದೆ, ಹುಳುವಿನ ಮೈಗೆ ನಾವು ಎಷ್ಟು ಮೆತ್ತಿದ್ದೇವೋ ಅಷ್ಟೂ ಒಳಹೋಗುತ್ತದೆ. ತೂಕ ತಪ್ಪಿದರೆ ತಪ್ಪಿದ್ದು ನಮ್ಮ ಕೈ.

ತಪ್ಪಿದಾಗ ಆಗುವುದೇನು? ಹಸಿವು ಬತ್ತುತ್ತದೆ, ಪ್ರಾಣಿ ಮಂಕಾಗುತ್ತದೆ, ಚರ್ಮ ಒಣಗಿ ಪದರಪದರವಾಗಿ ಏಳುತ್ತದೆ, ಕೆಲವೊಮ್ಮೆ ಕೆಳಗಿನ ಹಸಿ ಮಾಂಸ ಕಾಣುವಂತೆ ಸುಲಿದು ಬರುತ್ತದೆ. ಅತಿಯಾದ ವಿಟಮಿನ್ ಎ ಡಿ3 ಕೆಲಸಕ್ಕೆ ಅಡ್ಡಿಯಾಗುವುದರಿಂದ ಪೂರಕ ಕೊಡುತ್ತಿದ್ದರೂ ಮೂಳೆ ಮೆತ್ತಗಾಗಬಹುದು. ಚುಚ್ಚುಮದ್ದಿನಲ್ಲಿ ಅಪಾಯ ಎಲ್ಲಕ್ಕಿಂತ ಹೆಚ್ಚು, ಏಕೆಂದರೆ ಒಮ್ಮೆ ಹೋದದ್ದನ್ನು ಹಿಂದಕ್ಕೆ ತೆಗೆಯಲಾಗದು. ಮಂಕಾಗಿ ಕೂತು, ಕಣ್ಣು ಮುಚ್ಚಿ, ಊಟ ಬಿಟ್ಟ ಗೋಸುಂಬೆಯನ್ನು ಹೊರಗಿನಿಂದ ನೋಡಿ ಇದು ಕೊರತೆಯೋ ಅತಿಯೋ ಎಂದು ಹೇಳುವುದು ಕಷ್ಟ. ಅತಿಯಾದದ್ದನ್ನು ಕೊರತೆಯೆಂದು ಬಗೆದು ಮತ್ತೆ ಕೊಟ್ಟರೆ ಆಮೇಲಿನದನ್ನು ಹೇಳಬೇಕಾಗಿಲ್ಲ.

ಅಂಕಿಗಳಲ್ಲಿ ನೋಡಿದರೆ ಅಪಾಯ ಇನ್ನೂ ಸ್ಪಷ್ಟ. ಕೊರತೆ ಎಂದು ಖಚಿತವಾದಾಗ ವೈದ್ಯರು ಬಾಯಿಯ ಮೂಲಕ ಕೊಡುವ ಪ್ರಮಾಣ ಸಾಮಾನ್ಯವಾಗಿ ಕಿಲೋ ತೂಕಕ್ಕೆ 2,000 ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಮಾನ) ಆಸುಪಾಸಿನದು, ಅದೂ ವಾರಕ್ಕೋ ಎರಡು ವಾರಕ್ಕೋ ಒಮ್ಮೆ. 150 ಗ್ರಾಂ ತೂಗುವ ಗೋಸುಂಬೆಗೆ ಇದು 300 ಐಯು ಆಯಿತು; ಒಂದು ಐಯು ಎಂದರೆ 0.3 ಮೈಕ್ರೋಗ್ರಾಂ ರೆಟಿನಾಲ್, ಆದ್ದರಿಂದ ಒಟ್ಟು 90 ಮೈಕ್ರೋಗ್ರಾಂ. ಮನುಷ್ಯರ ಮಕ್ಕಳಿಗೆ ಕೊಡುವ ದೊಡ್ಡ ಪ್ರಮಾಣದ ವಿಟಮಿನ್ ಎ 2 ಲಕ್ಷ ಐಯು. ಅದರ ಸಾವಿರದಲ್ಲೊಂದು ಪಾಲೇ 200 ಐಯು. ಔಷಧದ ಅಂಗಡಿಯ ಮಾತ್ರೆಯನ್ನು ಸೂಜಿಯಿಂದ ಚುಚ್ಚಿ ಒಂದು ಹನಿ ಹಿಂಡಿದರೆ ಸಾಕು ಎನ್ನುವ ಸಲಹೆ ಕೇಳಿದಾಗಲೆಲ್ಲ, ಆ ಹನಿಯಲ್ಲಿ ಎಷ್ಟಿದೆ ಎಂದು ಯಾರು ಅಳೆದರು ಎಂದು ಕೇಳಬೇಕೆನ್ನಿಸುತ್ತದೆ.

ಪೂರಕದ ಡಬ್ಬಿಯ ಮುಂಬದಿಯಲ್ಲಿ ಚೆಂದದ ಹಲ್ಲಿಯ ಚಿತ್ರವಿರುತ್ತದೆ. ಓದಬೇಕಾದದ್ದು ಹಿಂಬದಿಯ ಸಣ್ಣಕ್ಷರ. ವಿಟಮಿನ್ ಎ ಎಂದು ಬರೆದಿದ್ದರೆ ಸಾಲದು, ಅದು ಯಾವ ರೂಪದಲ್ಲಿದೆ ಎಂದು ನೋಡಬೇಕು. ರೆಟಿನೈಲ್ ಅಸಿಟೇಟ್ ಅಥವಾ ರೆಟಿನೈಲ್ ಪಾಮಿಟೇಟ್ ಎಂದಿದ್ದರೆ ಅದು ಸಿದ್ಧ ವಿಟಮಿನ್ ಎ. ಬೀಟಾ ಕ್ಯಾರೊಟಿನ್ ಎಂದಿದ್ದರೆ ಅದು ಕಚ್ಚಾ ಸಾಮಗ್ರಿ, ಮೈಯೊಳಗೆ ರೆಟಿನಾಲ್ ಆಗಿ ಮಾರ್ಪಡಬೇಕು. ಈ ಸಾಮರ್ಥ್ಯ ಎಲ್ಲ ಪ್ರಾಣಿಗಳಿಗೂ ಒಂದೇ ಸಮನಾಗಿಲ್ಲ. ಬೆಕ್ಕಿಗೆ ಅದು ಇಲ್ಲವೆಂದೇ ಹೇಳಬೇಕು. ಹುಳು ತಿಂದು ಬದುಕುವ ಗೋಸುಂಬೆಯ ಇಡೀ ಅಗತ್ಯವನ್ನು ಬೀಟಾ ಕ್ಯಾರೊಟಿನ್ ಮೇಲೆ ಹಾಕಿ ನಿಶ್ಚಿಂತೆಯಿಂದಿರುವುದು ನನಗೆ ಒಪ್ಪಿಗೆಯಿಲ್ಲ. ಅದರಿಂದ ಅತಿಯಾಗುವ ಭಯವಿಲ್ಲ ಎಂಬ ವಾದ ನಿಜ, ಆದರೆ ಅತಿಯಾಗದಿರುವುದೂ ಸಾಕಾಗುವುದೂ ಒಂದೇ ಅಲ್ಲ. ಸಿದ್ಧ ರೂಪದ್ದನ್ನು ಅಪರೂಪಕ್ಕೆ, ಅಳತೆಯಲ್ಲಿ ಕೊಡುವುದು ಹೆಚ್ಚು ಭರವಸೆಯ ದಾರಿ.

ಅಪರೂಪಕ್ಕೆ ಎಂದರೆ ಎಷ್ಟು? ಬೆಳೆದ ವೇಲ್ಡ್ ಮತ್ತು ಪ್ಯಾಂಥರ್ ಗೋಸುಂಬೆಗಳಿಗೆ ಸಾಕುವವರಲ್ಲಿ ರೂಢಿಯಲ್ಲಿರುವ ಕ್ರಮ ಹೀಗಿದೆ: ವಿಟಮಿನ್ ಇಲ್ಲದ ಬರಿಯ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ ಬಹುತೇಕ ಪ್ರತಿ ಊಟಕ್ಕೂ, ಡಿ3 ಸೇರಿದ ಕ್ಯಾಲ್ಸಿಯಂ ತಿಂಗಳಿಗೆ ಎರಡು ಸಲ, ಎ ಸೇರಿದ ಬಹುವಿಟಮಿನ್ ತಿಂಗಳಿಗೆ ಎರಡು ಸಲ. ಕೆನ್ಯಾ, ತಾಂಜಾನಿಯಾದ ತಂಪು ಬೆಟ್ಟಗಳಿಂದ ಬಂದ ಜ್ಯಾಕ್ಸನ್ ಗೋಸುಂಬೆಯಂಥವಕ್ಕೆ ಇದನ್ನೂ ಇಳಿಸುತ್ತಾರೆ. ಅತಿಯಾದ ಪೂರಕಕ್ಕೆ ಅವುಗಳ ಕತ್ತಿನ ಸುತ್ತ ನೀರು ತುಂಬಿ ಊದಿಕೊಳ್ಳುವುದು ಸಾಕುವವರಿಗೆ ಪರಿಚಿತ. ಕ್ಯಾಲ್ಸಿಯಂ ಮಾತ್ರ ಪ್ರತಿ ಸಲ ಏಕೆಂದರೆ ಕ್ರಿಕೆಟ್ ಹುಳುವಿನಲ್ಲಿ ರಂಜಕ ಕ್ಯಾಲ್ಸಿಯಂನ ಹಲವು ಪಟ್ಟು ಇರುತ್ತದೆ, ಪ್ರಾಣಿಗೆ ಬೇಕಾದದ್ದು ತಿರುವುಮುರುವಾಗಿ ಕ್ಯಾಲ್ಸಿಯಂ ಹೆಚ್ಚಿರುವ ಆಹಾರ. ಪುಡಿ ಮೆತ್ತುವುದು ಉಣಿಸುವ ಹೊತ್ತಿಗೇ ಆಗಬೇಕು, ತುಸು ಹೊತ್ತು ಬಿಟ್ಟರೆ ಹುಳುಗಳು ಮೈ ಸವರಿಕೊಂಡು ಎಲ್ಲವನ್ನೂ ಉದುರಿಸಿಬಿಡುತ್ತವೆ. ತೆಳುವಾಗಿ ಬೂದಿ ಸೋಕಿದ ಹಾಗೆ ಕಂಡರೆ ಸಾಕು, ಹುಳು ಬೆಳ್ಳಗಾಗಬೇಕಿಲ್ಲ.

ಪುಡಿಗಿಂತ ಮೊದಲು ಹುಳುವಿನ ಹೊಟ್ಟೆ. ಉಣಿಸುವ ಮುನ್ನ ಒಂದೆರಡು ದಿನ ಹುಳುಗಳಿಗೆ ಕಡುಹಸಿರು ಸೊಪ್ಪು, ಗಜ್ಜರಿ, ಕುಂಬಳ, ಸಿಹಿಗೆಣಸು ತಿನ್ನಿಸಿದರೆ ಆ ಸತ್ವವೆಲ್ಲ ಗೋಸುಂಬೆಗೆ ದಾಟುತ್ತದೆ. ವೇಲ್ಡ್ ಗೋಸುಂಬೆ ತಾನೇ ಎಲೆಯನ್ನೂ ಕಚ್ಚಿ ತಿನ್ನುವುದರಿಂದ ಅದಕ್ಕೆ ಇನ್ನಷ್ಟು ಅನುಕೂಲ. ಡಬ್ಬಿಯ ಪುಡಿ ತೆರೆದ ದಿನದಿಂದಲೇ ಗಾಳಿ, ಬೆಳಕು, ಬಿಸಿಗೆ ಸತ್ವ ಕಳೆದುಕೊಳ್ಳತೊಡಗುತ್ತದೆ. ಬಿಸಿ ದೀಪದ ಪಕ್ಕದ ಅಲಮಾರಿಯಲ್ಲಿ ವರ್ಷಗಟ್ಟಲೆ ಇಟ್ಟ ಪುಡಿಯನ್ನು ಕ್ರಮ ತಪ್ಪದೆ ಕೊಡುತ್ತಿದ್ದೇನೆ ಎನ್ನುವವರ ಪ್ರಾಣಿಗೂ ಕೊರತೆ ಬರಬಹುದು. ಡಬ್ಬಿ ತೆರೆದ ದಿನಾಂಕವನ್ನು ಮುಚ್ಚಳದ ಮೇಲೆ ಬರೆದು, ಆರು ತಿಂಗಳಿಗೆ ಬದಲಾಯಿಸುವುದು ಒಳ್ಳೆಯದು.

ಕಣ್ಣು ಮುಚ್ಚಿಯೇ ಇದ್ದರೆ ಮನೆಯಲ್ಲಿ ಮಾಡಬಹುದಾದದ್ದು ಬಹಳವೇನಿಲ್ಲ. ತುಂತುರಿನ ಅವಧಿಯನ್ನು ಕೆಲವು ನಿಮಿಷ ಹೆಚ್ಚಿಸಿ ಅದು ತಾನೇ ತೊಳೆದುಕೊಳ್ಳಲು ಬಿಡಬಹುದು, ಶುದ್ಧವಾದ ಸಲೈನ್ ಹನಿಗಳನ್ನು ಕಿಂಡಿಗೆ ಬಿಡಬಹುದು, ದೀಪದ ದೂರ ಅಳೆಯಬಹುದು. ಒಂದು ದಿನದಲ್ಲಿ ಬದಲಾವಣೆ ಕಾಣದಿದ್ದರೆ ಸರೀಸೃಪಗಳನ್ನು ನೋಡಿ ಅನುಭವವಿರುವ ವೈದ್ಯರ ಬಳಿ ಹೋಗಬೇಕು. ಮನೆಯಲ್ಲಿ ಉಳಿದಿರುವ ಮನುಷ್ಯರ ಕಣ್ಣಿನ ಹನಿಯನ್ನು ಮಾತ್ರ ಮುಟ್ಟಬಾರದು. ಅದರಲ್ಲಿ ಸ್ಟೀರಾಯ್ಡ್ ಇದ್ದು ಕಾರ್ನಿಯಾದಲ್ಲಿ ಹುಣ್ಣಿದ್ದರೆ ಕಣ್ಣೇ ಹೋಗಬಹುದು. ವೈದ್ಯರು ಫ್ಲೋರೆಸೀನ್ ಬಣ್ಣ ಹಾಕಿ, ಹುಣ್ಣಿದ್ದ ಜಾಗ ಹಸಿರಾಗಿ ಹೊಳೆಯುವುದೇ ಎಂದು ಮೊದಲು ನೋಡುವುದು ಇದಕ್ಕಾಗಿಯೇ. ಅವರ ಬಳಿ ಹೋಗುವಾಗ ದೀಪದ ಮತ್ತು ಪೂರಕಗಳ ಡಬ್ಬಿಗಳ ಹಿಂಬದಿಯ ಫೋಟೊ, ಯಾವುದನ್ನು ಯಾವ ದಿನ ಕೊಟ್ಟಿರಿ ಎಂಬ ಬರಹ ಜೊತೆಗಿದ್ದರೆ ಅರ್ಧ ಪರೀಕ್ಷೆ ಅಲ್ಲೇ ಮುಗಿಯುತ್ತದೆ. ಕೊರತೆಯೇ ಎಂದಾದರೆ ಉಂಡೆ ತೆಗೆದು, ಸೋಂಕಿಗೆ ಹನಿ ಹಾಕಿ, ಅಳತೆಯ ವಿಟಮಿನ್ ಎ ಶುರುಮಾಡುತ್ತಾರೆ. ಕೆಟ್ಟ ಕೋಶಗಳು ಉದುರಿ ಹೊಸವು ಬರುವುದಕ್ಕೆ ವಾರಗಳೇ ಹಿಡಿಯುತ್ತವೆ, ಅಲ್ಲಿಯವರೆಗೆ ಬಾಯಿ ತೆರೆಸಿ ಉಣಿಸಬೇಕಾಗಿ ಬರಬಹುದು. ಆ ಚಿಕಿತ್ಸೆ ನಡೆಯುವಷ್ಟು ಕಾಲ ಮನೆಯ ಬಹುವಿಟಮಿನ್ ಪುಡಿಯನ್ನು ಮುಂದುವರಿಸಬೇಕೋ ನಿಲ್ಲಿಸಬೇಕೋ ಎಂದು ಅವರನ್ನೇ ಕೇಳಿಕೊಳ್ಳಬೇಕು, ಇಲ್ಲವಾದರೆ ಒಂದೇ ಔಷಧ ಎರಡು ದಾರಿಯಿಂದ ಒಳಹೋಗುತ್ತಿರುತ್ತದೆ.